ಯಾರೂ ಎಳೆಯದೆ ಸೀಳಿದ ಹಿತ್ತಾಳೆ

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯಕ್ಕೆ ಮಳೆಗಾಲದಲ್ಲಿ ಒಂದು ವಿಚಿತ್ರ ತಲೆನೋವು ಬರುತ್ತಿತ್ತು. ಮಳೆ ಹಿಡಿದರೆ ದಂಡಿನ ಓಡಾಟ ಕಮ್ಮಿ. ಬಂದೂಕಿನ ತೋಟಾಗಳು ನೆನೆಯಬಾರದು ಅಂತ ಅವುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಹೋದ ಮೇಲೆ ತೆಗೆದು ನೋಡಿದರೆ ತೋಟಾಗಳ ಹಿತ್ತಾಳೆ ಕವಚ ಸೀಳಿರುತ್ತಿತ್ತು. ಯಾರೂ ಬಡಿದಿಲ್ಲ, ಎತ್ತಿ ಹಾಕಿಲ್ಲ, ಬಂದೂಕಿಗೆ ತುಂಬಿಯೂ ಇಲ್ಲ. ಇಟ್ಟಲ್ಲೇ, ತನ್ನಷ್ಟಕ್ಕೆ ತಾನೇ ಸೀಳಿದ್ದು. ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರು ಬಿತ್ತು.

ಹೆಸರಿಟ್ಟ ಮಾತ್ರಕ್ಕೆ ಕಾರಣ ಸಿಕ್ಕ ಹಾಗಲ್ಲವಲ್ಲ. ಕಾರಣವನ್ನು ಸರಿಯಾಗಿ ಬಿಡಿಸಿಟ್ಟದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಬ್ರಿಟಿಷ್ ಲೋಹವಿಜ್ಞಾನಿಗಳು. ಅವರ ಪ್ರಕಾರ ಇಲ್ಲಿ ಕಳ್ಳರು ಇಬ್ಬರು. ಹೊರಗಿನ ಕಳ್ಳ ಅಮೋನಿಯಾ: ಕುದುರೆ ಗಂಜಲದಿಂದ ಎದ್ದು ಲಾಯದ ತೇವದ ಗಾಳಿಯಲ್ಲಿ ತುಂಬಿಕೊಂಡಿದ್ದು. ಆದರೆ ಬರೀ ಅಮೋನಿಯಾ ಹಿತ್ತಾಳೆಯನ್ನು ಹಾಗೆ ಸೀಳಲಾರದು. ಎರಡನೇ ಕಳ್ಳ ಮನೆಯೊಳಗೇ ಇದ್ದ. ತೋಟಾ ಕವಚ ಮಾಡುವಾಗ ಹಿತ್ತಾಳೆಯ ಬಿಲ್ಲೆಯನ್ನು ಕಾಯಿಸದೆ, ಅಚ್ಚಿನ ಮೂಲಕ ಮತ್ತೆ ಮತ್ತೆ ಒತ್ತಿ ಉದ್ದದ ಬಟ್ಟಲಾಗಿ ಎಳೆಯುತ್ತಾರೆ. ಈ ಎಳೆದಾಟದಲ್ಲಿ ಲೋಹದ ಎಲ್ಲ ಭಾಗಗಳೂ ಒಂದೇ ಸಮ ಹಿಗ್ಗುವುದಿಲ್ಲ. ಕೆಲಸ ಮುಗಿದು ಅಚ್ಚಿನಿಂದ ಹೊರಬಂದ ಮೇಲೂ ಹೊರಪದರ ಒಳಪದರಗಳ ನಡುವೆ ಜಗ್ಗಾಟ ಉಳಿದುಬಿಡುತ್ತದೆ. ಅಮೋನಿಯಾ ಮಾಡಿದ್ದು ಬಾಗಿಲು ತೆರೆದ ಕೆಲಸ ಮಾತ್ರ. ಸೀಳಿದ್ದು ಒಳಗಿದ್ದ ಬಿಗಿತ.

ಪರಿಹಾರ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ತಯಾರಾದ ಕವಚವನ್ನು ಹದವಾಗಿ, ಇನ್ನೂರು ಮುನ್ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ ಸಾಕು. ಗಟ್ಟಿತನ ಹೆಚ್ಚೇನೂ ಕಮ್ಮಿಯಾಗದೆ ಒಳಗಿನ ಜಗ್ಗಾಟ ಸಡಿಲವಾಗುತ್ತದೆ.

ಈ ಎರಡನೇ ಕಳ್ಳನಿಗೆ ಎಂಜಿನಿಯರುಗಳು ಕೊಟ್ಟ ಹೆಸರು 'ರೆಸಿಡ್ಯುಯಲ್ ಸ್ಟ್ರೆಸ್'. ಕನ್ನಡದಲ್ಲಿ ಒಳಬಿಗಿತ ಅನ್ನೋಣ. ನಮಗೆ ಗೊತ್ತಿರುವ ಸ್ಟ್ರೆಸ್‌ಗೆ ಹೊರಗೆ ಒಬ್ಬ ಮ್ಯಾನೇಜರ್ ಇರ್ತಾನೆ, ಒಂದು ಡೆಡ್‌ಲೈನ್ ಇರುತ್ತೆ. ಇದಕ್ಕೆ ಅವೆರಡೂ ಇಲ್ಲ. ಮೇಜಿನ ಮೇಲೆ ಸುಮ್ಮನೆ ಇಟ್ಟ ಗೇರಿನ ಮೇಲೆ ಯಾವ ಭಾರವೂ ಇರುವುದಿಲ್ಲ, ಆದರೂ ಅದರ ಒಂದು ಭಾಗ ಇನ್ನೊಂದನ್ನು ಎಳೆಯುತ್ತಿರುತ್ತದೆ, ಆ ಇನ್ನೊಂದು ಅಷ್ಟೇ ಬಲದಿಂದ ಒತ್ತಿಸಿಕೊಳ್ಳುತ್ತಿರುತ್ತದೆ. ಒಟ್ಟು ಲೆಕ್ಕ ಸೊನ್ನೆ. ಹಾಗಾಗಿಯೇ ಹೊರಗಿನವರಿಗೆ ಏನೂ ಕಾಣುವುದಿಲ್ಲ.

ನಮ್ಮ ಹಳ್ಳಿಗಳ ಕಮ್ಮಾರರಿಗೆ ಇದು ಹೊಸ ವಿಷಯವಲ್ಲ. ಎತ್ತಿನಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ನೋಡಿದವರು ನೆನಪಿಸಿಕೊಳ್ಳಿ. ಪಟ್ಟಿಯನ್ನು ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿಯೇ ಮಾಡುತ್ತಾರೆ. ಬೆಂಕಿಯಲ್ಲಿ ಕಾಯಿಸಿ, ಅದು ಹಿಗ್ಗಿದಾಗ ಚಕ್ರದ ಮೇಲೆ ಕೂರಿಸಿ, ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ ಮರವನ್ನು ಗಬಕ್ಕನೆ ಹಿಡಿದುಕೊಳ್ಳುತ್ತದೆ. ಆಮೇಲೆ ಜೀವನಪೂರ್ತಿ ಕಬ್ಬಿಣ ಎಳೆತದಲ್ಲಿ, ಮರ ಒತ್ತಡದಲ್ಲಿ. ಗಾಡಿ ನಿಂತಿದ್ದರೂ ಅಷ್ಟೇ, ಓಡುತ್ತಿದ್ದರೂ ಅಷ್ಟೇ. ಆ ಬಿಗಿತ ಇಲ್ಲದಿದ್ದರೆ ಚಕ್ರ ಬಿಚ್ಚಿಕೊಳ್ಳುತ್ತದೆ. ಅಂದರೆ ಒಳಬಿಗಿತ ಯಾವಾಗಲೂ ಶತ್ರುವಲ್ಲ. ನಿಮ್ಮ ಜೇಬಿನ ಫೋನಿನ ಗಾಜೂ ಹೀಗೇ ಬದುಕುತ್ತಿದೆ. ಅದರ ಮೇಲ್ಪದರದ ಸಣ್ಣ ಸೋಡಿಯಂ ಅಯಾನುಗಳನ್ನು ಹೊರಹಾಕಿ, ಆ ಜಾಗಕ್ಕೆ ದಪ್ಪನೆಯ ಪೊಟ್ಯಾಸಿಯಂ ಅಯಾನುಗಳನ್ನು ತುರುಕಿರುತ್ತಾರೆ. ಮೇಲ್ಪದರ ಸದಾ ಒತ್ತಡದಲ್ಲಿರುವುದರಿಂದ ಬಿರುಕಿಗೆ ಬಾಯಿ ತೆರೆಯುವುದು ಕಷ್ಟ.

ಎಳೆತವಾದರೆ ಬಿರುಕಿನ ಬಾಯಿ ಅಗಲಿಸುತ್ತದೆ, ಒತ್ತಡವಾದರೆ ಮುಚ್ಚುತ್ತದೆ. ಬಿರುಕು ಹೆಚ್ಚಾಗಿ ಶುರುವಾಗುವುದು ಮೇಲ್ಮೈಯಲ್ಲಿ. ಆದ್ದರಿಂದ ಒಂದು ಭಾಗದ ಮೇಲ್ಮೈಯಲ್ಲಿ ಇರುವುದು ಎಳೆತವೋ ಒತ್ತಡವೋ, ಎಷ್ಟು ಅನ್ನುವುದೇ ಅದರ ಆಯುಸ್ಸಿನ ಪ್ರಶ್ನೆ. ಆದರೆ ನೋಡಿ ಹೇಳೋದು ಹೇಗೆ?

ಮೊದಲ ಉತ್ತರ ಸಿಕ್ಕಿದ್ದು ಫಿರಂಗಿಗಳಲ್ಲಿ. ಗಾಡಿಚಕ್ರದ ಉಪಾಯವನ್ನೇ ಫಿರಂಗಿ ತಯಾರಕರೂ ಬಳಸುತ್ತಿದ್ದರು, ನಳಿಗೆಯ ಮೇಲೆ ಕಾದ ಉಕ್ಕಿನ ಬಳೆಗಳನ್ನು ಕೂರಿಸಿ ಬಿಗಿ ಮಾಡುತ್ತಿದ್ದರು. ರಷ್ಯಾದ ಸೇನಾ ಎಂಜಿನಿಯರ್ ನಿಕೊಲಾಯ್ ಕಲಕೂತ್‌ಸ್ಕಿ ಉಕ್ಕು ಮತ್ತು ಎರಕದ ಕಬ್ಬಿಣದ ಒಳಬಿಗಿತದ ಮೇಲೆ ಮಾಡಿದ ಅಧ್ಯಯನ 1888ರಲ್ಲಿ ಪ್ರಕಟವಾಯಿತು. ಆತನ ದಾರಿ ಸರಳ. ಲೋಹದಿಂದ ಉಂಗುರಗಳನ್ನು ಕತ್ತರಿಸಿ ತೆಗೆಯುವುದು, ಕತ್ತರಿಸುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಅಳೆಯುವುದು. ಬಂಧನ ಬಿಡಿಸಿದ ಕೂಡಲೇ ಉಂಗುರ ಹಿಗ್ಗಿದರೆ ಅದು ಒತ್ತಡದಲ್ಲಿತ್ತು, ಕುಗ್ಗಿದರೆ ಎಳೆತದಲ್ಲಿತ್ತು ಎಂದರ್ಥ. ಹಿತ್ತಾಳೆಗಾದರೆ ಇನ್ನೊಂದು ಪರೀಕ್ಷೆ ಇತ್ತು. ಪಾದರಸದ ಲವಣದ ದ್ರಾವಣದಲ್ಲಿ ಅದ್ದುವುದು, ಒಳಗೆ ಎಳೆತ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಸೀಳುತ್ತದೆ.

ಎರಡೂ ಒಂಥರಾ ಪೋಸ್ಟ್‌ಮಾರ್ಟಂ. ಕತ್ತರಿಸಿದ ನಳಿಗೆಯಿಂದ ಗುಂಡು ಹಾರಿಸಲಾಗದು, ಸೀಳಿದ ತೋಟಾ ಕಸಕ್ಕೆ ಹೋಗಬೇಕು. ನೂರರಲ್ಲಿ ಒಂದನ್ನು ಕೊಂದು, ಉಳಿದ ತೊಂಬತ್ತೊಂಬತ್ತು ಹೀಗೇ ಇರಬಹುದು ಅಂತ ನಂಬಬೇಕು. ಬದುಕಿರುವ ಭಾಗವನ್ನು ಬದುಕಿಸಿಯೇ ಅಳೆಯಬೇಕೆಂದರೆ ಲೋಹದೊಳಗೇ ಇರುವ ಒಂದು ಅಳತೆಕೋಲು ಬೇಕಿತ್ತು.

ಆ ಕೋಲು ಅಲ್ಲಿಯೇ ಇತ್ತು, ಓದಲು ಬರುತ್ತಿರಲಿಲ್ಲ ಅಷ್ಟೇ. ಓದುವುದನ್ನು ಜಗತ್ತು ಕಲಿತದ್ದು 1912ರಲ್ಲಿ. ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಯೋಚನೆಯಂತೆ ಫ್ರೀಡ್ರಿಖ್ ಮತ್ತು ಕ್ನಿಪಿಂಗ್ ಒಂದು ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿದರು, ಹಿಂದಿನ ಫಲಕದ ಮೇಲೆ ಚುಕ್ಕಿಗಳ ರಂಗೋಲಿ ಮೂಡಿತು. ಆ ರಂಗೋಲಿಯ ಲೆಕ್ಕವನ್ನು ಸುಲಭ ಸೂತ್ರವಾಗಿ ಬಿಡಿಸಿದವರು ಇಂಗ್ಲೆಂಡಿನ ತಂದೆ ಮಗ, ವಿಲಿಯಂ ಮತ್ತು ಲಾರೆನ್ಸ್ ಬ್ರ್ಯಾಗ್. 1915ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂದಾಗ ಮಗನಿಗೆ ಬರೀ 25 ವರ್ಷ.

ಸೂತ್ರದ ಹಿಂದಿನ ವಿಷಯ ಇಷ್ಟು. ಬಸ್ಸಿನ ಕಿಟಕಿಯಿಂದ ಅಡಿಕೆ ತೋಟ ನೋಡುತ್ತಾ ಹೋಗುವಾಗ ಮರಗಳೆಲ್ಲ ಕಲಸಿಕೊಂಡಂತೆ ಕಾಣುತ್ತವೆ, ಒಂದು ಕೋನಕ್ಕೆ ಬಂದ ಕೂಡಲೇ ಸಾಲುಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಲೋಹದಲ್ಲೂ ಪರಮಾಣುಗಳು ಹೀಗೆ ಪದರ ಪದರವಾಗಿ ನಿಂತಿವೆ. ಗೊತ್ತಾದ ತರಂಗದ ಎಕ್ಸ್‌ರೇ ಬಿಟ್ಟರೆ ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ ಅದು ಜೋರಾಗಿ ವಾಪಸು ಬರುತ್ತದೆ. ಆ ಕೋನ ಎಷ್ಟು ಅನ್ನುವುದು ಎರಡು ಪದರಗಳ ನಡುವಿನ ಅಂತರದ ಮೇಲೆ ನಿಂತಿದೆ. ಲೋಹವನ್ನು ಎಳೆದರೆ ಅಂತರ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ, ಕೋನವೂ ಅದರೊಂದಿಗೆ ಸರಿಯುತ್ತದೆ. ಅಂದಮೇಲೆ ಕೋನ ಅಳೆದರೆ ಬಿಗಿತ ಸಿಗಬೇಕಲ್ವಾ?

ಅಮೆರಿಕದ ಬಾಸ್ಟನ್ ಹತ್ತಿರದ ವಾಟರ್‌ಟೌನ್ ಆರ್ಸೆನಲ್ ಎಂಬ ಸೇನಾ ಕಾರ್ಖಾನೆಯಲ್ಲಿ ಹೊರೇಸ್ ಲೆಸ್ಟರ್ ಎಂಬ ಭೌತವಿಜ್ಞಾನಿ ಇದ್ದ. 1922ರಿಂದಲೇ ಆತ ಉಕ್ಕಿನ ಎರಕಗಳೊಳಗೆ ಅಡಗಿದ ತೂತುಗಳನ್ನು ಎಕ್ಸ್‌ರೇ ಹಿಡಿದು ಹುಡುಕುತ್ತಿದ್ದ. ಆಸ್ಪತ್ರೆಯಲ್ಲಿ ಮೂಳೆ ನೋಡುವ ರೀತಿಯೇ. ಆದರೆ ಆ ಬಗೆಯ ಚಿತ್ರದಲ್ಲಿ ತೂತು ಕಾಣುತ್ತದೆಯೇ ಹೊರತು ಬಿಗಿತ ಕಾಣುವುದಿಲ್ಲ. 1925ರಲ್ಲಿ ಲೆಸ್ಟರ್ ಮತ್ತು ಆಬೋರ್ನ್ ಇನ್ನೊಂದು ಹೆಜ್ಜೆ ಇಟ್ಟರು. ಉಕ್ಕನ್ನು ಎಳೆದು ಹಿಡಿದು, ಎಳೆತಕ್ಕೆ ತಕ್ಕಂತೆ ಕಬ್ಬಿಣದ ಹರಳುಗಳ ಪರಮಾಣು ಪದರಗಳ ಅಂತರ ಹೇಗೆ ಬದಲಾಗುತ್ತದೆ ಎಂದು ಎಕ್ಸ್‌ರೇಯಲ್ಲಿ ನೋಡಿದರು. ಲೋಹದ ಬಿಗಿತವನ್ನು ಪರಮಾಣುಗಳ ಅಂತರದಿಂದ ಓದುವ ಕೆಲಸ ಅಲ್ಲಿಂದ ಶುರು.

ಎಷ್ಟು ಸೂಕ್ಷ್ಮ ಕೆಲಸ ಇದು ಅಂತ ಒಂದು ಲೆಕ್ಕ ಹಾಕೋಣ. ಉಕ್ಕಿನಲ್ಲಿ ಅಳತೆಗೆ ಬಳಸುವ ಪದರಗಳ ನಡುವಿನ ಅಂತರ ಸುಮಾರು 0.117 ನ್ಯಾನೋಮೀಟರ್. ಪ್ರತಿ ಚದರ ಮಿಲಿಮೀಟರಿಗೆ 20 ಕಿಲೋ ತೂಗುಹಾಕಿದಷ್ಟು, ಅಂದರೆ 200 ಮೆಗಾಪಾಸ್ಕಲ್ ಎಳೆತ ಕೊಟ್ಟರೆ ಆ ಅಂತರ ಬದಲಾಗುವುದು ಸಾವಿರದಲ್ಲಿ ಒಂದು ಪಾಲು. ಎಕ್ಸ್‌ರೇ 45 ಡಿಗ್ರಿಯಷ್ಟು ತಿರುಗಿ ಹೊರಡುವ ಕಡೆ ಇದನ್ನು ಹುಡುಕಿದರೆ ಕೋನ ಸರಿಯುವುದು ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ. ಕಣ್ಣಿಗೆ ಕಟ್ಟಿದಂತೆ ಕಾಣುವ ಬದಲಾವಣೆಯೇ ಅಲ್ಲ. ಆದರೆ ಕಿರಣ ಹೆಚ್ಚುಕಮ್ಮಿ ಬಂದ ದಾರಿಯಲ್ಲೇ ಹಿಂದಿರುಗುವ ಕಡೆ, 156 ಡಿಗ್ರಿಯ ಹತ್ತಿರ ಹುಡುಕಿದರೆ ಅದೇ ಎಳೆತಕ್ಕೆ ಕೋನ ಅರ್ಧ ಡಿಗ್ರಿ ಸರಿಯುತ್ತದೆ. ಹತ್ತು ಪಟ್ಟಿಗೂ ಹೆಚ್ಚು! 1930ರಲ್ಲಿ ಜರ್ಮನಿಯ ಜಾಕ್ಸ್ ಮತ್ತು ವೇರ್ಟ್ಸ್ ಈ ಹಿಂದಿರುಗುವ ಕಿರಣದ ದಾರಿಯನ್ನೇ ಹಿಡಿದರು. ಉಕ್ಕಿಗೆ ಇವತ್ತಿಗೂ ಕ್ರೋಮಿಯಂ ಎಕ್ಸ್‌ರೇಯಲ್ಲಿ ಅಳೆಯುವುದು ಹೆಚ್ಚಾಗಿ ಈ 156 ಡಿಗ್ರಿಯ ಸುತ್ತಲೇ.

ಇನ್ನೊಂದು ತೊಡಕು ಉಳಿದಿತ್ತು. ಅಂತರ ಹಿಗ್ಗಿದೆ ಅನ್ನಬೇಕಾದರೆ ಹಿಗ್ಗುವ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕು. ತಯಾರಾಗಿ ಬಂದ ಗೇರಿಗೆ 'ಮೊದಲು' ಅನ್ನುವುದು ಎಲ್ಲಿದೆ? ಉಕ್ಕಿನಲ್ಲಿ ಕಾರ್ಬನ್ ಸ್ವಲ್ಪ ಹೆಚ್ಚುಕಮ್ಮಿಯಾದರೂ ಪದರಗಳ ಅಂತರ ಬದಲಾಗುತ್ತದೆ. ಇದರಿಂದ ಪಾರಾಗುವ ದಾರಿ ಹುಡುಕಿದ್ದು ಸ್ಟಟ್‌ಗಾರ್ಟ್‌ನಲ್ಲಿ ರಿಚರ್ಡ್ ಗ್ಲಾಕರ್ ಮತ್ತು ಜೊತೆಗಾರರು, 1930ರ ದಶಕದಲ್ಲಿ. ಒಂದೇ ಜಾಗವನ್ನು ಬೇರೆ ಬೇರೆ ಓರೆಯಲ್ಲಿ ನೋಡಿ, ಒಂದನ್ನು ಇನ್ನೊಂದಕ್ಕೆ ಹೋಲಿಸಿ ಅಂದರು. ಮೆತ್ತನೆಯ ರಬ್ಬರನ್ನು ಎರಡು ಬದಿಯಿಂದ ಒತ್ತಿದರೆ ಅದು ಮೇಲಕ್ಕೆ ಉಬ್ಬುತ್ತದೆ. ಲೋಹದ ಮೇಲ್ಮೈಯೂ ಹಾಗೆಯೇ. ಮೇಲಿನಿಂದ ಅದನ್ನು ಅದುಮುವವರು ಯಾರೂ ಇಲ್ಲ, ಹೊರಗಿರುವುದು ಗಾಳಿ. ಹಾಗಾಗಿ ಅಕ್ಕಪಕ್ಕದ ಒತ್ತಡಕ್ಕೆ ಮೇಲ್ಮುಖದ ಅಂತರ ಹಿಗ್ಗುತ್ತದೆ, ಓರೆಯಾಗುತ್ತಾ ಹೋದಂತೆ ಅಂತರ ಕುಗ್ಗುತ್ತಾ ಹೋಗುತ್ತದೆ. ಎಳೆತವಾದರೆ ಇದರ ಉಲ್ಟಾ. ಎಷ್ಟು ಓರೆಗೆ ಎಷ್ಟು ವ್ಯತ್ಯಾಸ ಅನ್ನುವುದರಲ್ಲೇ ಉತ್ತರ ಇದೆ. ಲೋಹ ಹುಟ್ಟಿದಾಗ ಹೇಗಿತ್ತು ಅಂತ ಕೇಳುವ ಅಗತ್ಯ ಹೆಚ್ಚುಕಮ್ಮಿ ಬೀಳುವುದಿಲ್ಲ. ಆದರೆ ಆಗ ಎಲ್ಲವೂ ಫಿಲ್ಮಿನ ಮೇಲೆ, ಗಂಟೆಗಟ್ಟಲೆ ಕಾಯಬೇಕು. ಪ್ರಯೋಗಾಲಯದ ಮಟ್ಟಿಗೆ ಸರಿ, ಕಾರ್ಖಾನೆಗೆ ಒಗ್ಗದು.

ಹೀಗೆ ಪ್ರಯೋಗಾಲಯಗಳು ಅಳತೆಯ ಹಿಂದೆ ಬಿದ್ದಿದ್ದಾಗ ಕಾರ್ಖಾನೆಗಳು ಒಳಬಿಗಿತವನ್ನು ದುಡಿಸಿಕೊಳ್ಳಲು ಶುರುಮಾಡಿದ್ದವು. ಜನರಲ್ ಮೋಟಾರ್ಸ್‌ನ ಜಾನ್ ಆಲ್ಮೆನ್ ಕಾರಿನ ಸ್ಪ್ರಿಂಗುಗಳ ಮೇಲೆ ಪುಟ್ಟ ಗಟ್ಟಿ ಗುಂಡುಗಳನ್ನು ರಭಸದಿಂದ ಎರಚುವ ವಿಧಾನವನ್ನು ಒಂದು ಶಿಸ್ತಿಗೆ ತಂದ. ಇದೇ ಶಾಟ್ ಪೀನಿಂಗ್. ಪ್ರತಿ ಗುಂಡೂ ಮೇಲ್ಮೈಯನ್ನು ಒಂಚೂರು ಹಿಗ್ಗಿಸಲು ನೋಡುತ್ತದೆ. ಕೆಳಗಿನ ಲೋಹ ಬಿಡುವುದಿಲ್ಲ, ವಾಪಸು ಒತ್ತುತ್ತದೆ. ಮೇಲ್ಪದರ ಪೂರ್ತಿ ಒತ್ತಡದಲ್ಲಿ ಕೂರುತ್ತದೆ, ಸ್ಪ್ರಿಂಗಿನ ಆಯುಸ್ಸು ಬೆಳೆಯುತ್ತದೆ. ಎರಚಾಟ ಎಷ್ಟು ಜೋರಾಗಿದೆ ಅಂತ ತಿಳಿಯಲು ಆಲ್ಮೆನ್ ಒಂದು ತೆಳು ಉಕ್ಕಿನ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ಅದರ ಮೇಲೂ ಗುಂಡು ಎರಚಿದ. ಪಟ್ಟಿ ಎಷ್ಟು ಬಾಗಿತೋ ಅಷ್ಟು ತೀವ್ರತೆ. ಇವತ್ತಿಗೂ ಅದರ ಹೆಸರು ಆಲ್ಮೆನ್ ಸ್ಟ್ರಿಪ್. ಜಾಣ ಉಪಾಯ ನಿಜ, ಆದರೆ ಪಟ್ಟಿ ಹೇಳುವುದು ಪಟ್ಟಿಯ ಕಥೆಯನ್ನು. ಸ್ಪ್ರಿಂಗಿನೊಳಗೆ ಏನಾಯಿತು ಅನ್ನುವುದನ್ನು ಸ್ಪ್ರಿಂಗನ್ನೇ ಕೇಳಬೇಕು.

ಕೇಳದೆ ನಂಬಿದರೆ ಏನಾಗಬಹುದು ಅನ್ನುವುದಕ್ಕೆ ಡಿ ಹ್ಯಾವಿಲ್ಯಾಂಡ್ ಕಾಮೆಟ್‌ಗಿಂತ ದೊಡ್ಡ ಪಾಠ ಇಲ್ಲ. 1952ರ ಮೇ ತಿಂಗಳಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ, ಜಗತ್ತಿನ ಮೊದಲ ಜೆಟ್ ವಿಮಾನ ಸೇವೆಯ ವಿಮಾನ ಅದು. 1954ರ ಜನವರಿ 10ರಂದು ರೋಮ್‌ನಿಂದ ಹೊರಟ ಒಂದು ಕಾಮೆಟ್ ಎಲ್ಬಾ ದ್ವೀಪದ ಹತ್ತಿರ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು, 35 ಜನ ಸತ್ತರು. ಏಪ್ರಿಲ್ 8ರಂದು ರೋಮ್‌ನಿಂದಲೇ ಹೊರಟ ಇನ್ನೊಂದು ನೇಪಲ್ಸ್ ಹತ್ತಿರದ ಸಮುದ್ರದಲ್ಲಿ ಬಿತ್ತು, 21 ಜನ ಸತ್ತರು. ಫಾರ್ನ್‌ಬರೋದಲ್ಲಿ ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡ ಏರಿಸಿ ಇಳಿಸಿ ನೋಡಿದಾಗ ಕ್ಯಾಬಿನ್ನಿನ ಗೋಡೆ ದಣಿದು ಸೀಳುವುದು ಗೊತ್ತಾಯಿತು.

ಇಲ್ಲಿಯವರೆಗಿನ ಕಥೆ ಬಹಳ ಜನಕ್ಕೆ ಗೊತ್ತು. ಕಮ್ಮಿ ಜನಕ್ಕೆ ಗೊತ್ತಿರುವ ಭಾಗ ಮುಂದಿದೆ. ಕಂಪನಿಯವರು ಪರೀಕ್ಷೆ ಮಾಡದೆ ವಿಮಾನ ಹಾರಿಸಿರಲಿಲ್ಲ. ಕ್ಯಾಬಿನ್ನಿನ ಒಂದು ತುಂಡಿನ ಮೇಲೆ ಒತ್ತಡದ ಪರೀಕ್ಷೆ ನಡೆದಿತ್ತು, ಅದು ಸುಮಾರು 18,000 ಸಲ ಏರಿಳಿತ ತಾಳಿಕೊಂಡಿತ್ತು. ಸೇವೆಯಲ್ಲಿದ್ದ ಎರಡು ವಿಮಾನಗಳು ಒಡೆದದ್ದು ಸುಮಾರು 1,290 ಮತ್ತು 900 ಹಾರಾಟಗಳಿಗೆ. ಅದೇ ನಕ್ಷೆ, ಅದೇ ಅಲ್ಯೂಮಿನಿಯಂ, ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು? ಆ ತುಂಡನ್ನು ದಣಿವಿನ ಪರೀಕ್ಷೆಗೆ ಹಾಕುವ ಮೊದಲು, ಗಟ್ಟಿತನ ನೋಡೋಣ ಅಂತ ಮಾಮೂಲಿಗಿಂತ ಎರಡು ಪಟ್ಟು ಒತ್ತಡಕ್ಕೆ ಏರಿಸಿದ್ದರು. ಆ ಹೊಡೆತಕ್ಕೆ ಕಿಟಕಿ ಮೂಲೆಗಳಂಥ ಜಾಗಗಳಲ್ಲಿ ಲೋಹ ಒಂಚೂರು ಹಿಗ್ಗಿ ಹಾಗೇ ಉಳಿಯಿತು. ಒತ್ತಡ ಇಳಿಸಿದಾಗ ಸುತ್ತಲಿನ ಲೋಹ ಅದನ್ನು ಅಮುಕಿ ಹಿಡಿಯಿತು. ಅಂದರೆ ಪರೀಕ್ಷೆಯೇ, ಯಾರಿಗೂ ತಿಳಿಯದ ಹಾಗೆ, ಆ ತುಂಡಿಗೆ ಒಳ್ಳೆಯ ಒಳಬಿಗಿತದ ರಕ್ಷೆ ಕಟ್ಟಿಬಿಟ್ಟಿತ್ತು. ಪ್ರಯಾಣಿಕರನ್ನು ಹೊತ್ತ ವಿಮಾನಗಳು ಅಷ್ಟು ದೊಡ್ಡ ಒತ್ತಡ ಕಂಡಿರಲಿಲ್ಲ, ಅವುಗಳಿಗೆ ಆ ರಕ್ಷೆಯೂ ಇರಲಿಲ್ಲ. ಲಾಯದ ತೋಟಾಗಳಲ್ಲಿ ಒಳಬಿಗಿತ ಇದೆ ಅಂತ ತಿಳಿಯದೆ ಹಿತ್ತಾಳೆ ಹೋಯಿತು. ಇಲ್ಲಿ ಒಳ್ಳೆಯ ಒಳಬಿಗಿತ ಬಂದು ಕೂತಿದೆ ಅಂತ ತಿಳಿಯದೆ ಸುಳ್ಳು ಧೈರ್ಯ ಬಂತು.

ಅಳತೆಯನ್ನು ಕಾರ್ಖಾನೆಯ ಬಾಗಿಲಿಗೆ ತಂದವರು ಮತ್ತೆ ಜರ್ಮನರೇ. 1961ರಲ್ಲಿ ಎಕಾರ್ಡ್ ಮಾಖೆರಾವ್ಖ್ ಮತ್ತು ಮ್ಯುಲ್ಲರ್ 'ಸೈನ್ ಸ್ಕ್ವೇರ್ ಸೈ' ಎಂಬ ವಿಧಾನವನ್ನು ಪ್ರಕಟಿಸಿದರು. ಹೆಸರು ಕೇಳಿ ಹೆದರಬೇಡಿ. ಸೈ ಅಂದರೆ ಓರೆಯ ಕೋನಕ್ಕೆ ಇಟ್ಟ ಗ್ರೀಕ್ ಅಕ್ಷರ. ಒಂದೆರಡು ಓರೆ ಸಾಲದು, ಹಲವು ಓರೆಗಳಲ್ಲಿ ಅಂತರ ಅಳೆಯಿರಿ, ಆ ಕೋನದ ಸೈನ್ ಬೆಲೆಯ ವರ್ಗಕ್ಕೆ ಎದುರಾಗಿ ಚುಕ್ಕಿ ಇಡಿ, ಚುಕ್ಕಿಗಳು ನೇರ ಗೆರೆಯಲ್ಲಿ ಕೂರುತ್ತವೆ. ಗೆರೆ ಮೇಲಕ್ಕೆ ಏರಿದರೆ ಎಳೆತ, ಕೆಳಕ್ಕೆ ಇಳಿದರೆ ಒತ್ತಡ. ಎಷ್ಟು ಕಡಿದಾಗಿದೆಯೋ ಬಿಗಿತ ಅಷ್ಟು. ಇದರ ಇನ್ನೊಂದು ಲಾಭ, ಅಳತೆ ಕೆಟ್ಟರೆ ತಾನೇ ಹೇಳುತ್ತದೆ. ಚುಕ್ಕಿಗಳು ಗೆರೆ ಬಿಟ್ಟು ಅತ್ತಿತ್ತ ಓಡಾಡಿದರೆ ಈ ಅಂಕಿ ನಂಬಬೇಡಿ ಎಂದರ್ಥ. ಅಷ್ಟರಲ್ಲಿ ಫಿಲ್ಮಿನ ಜಾಗಕ್ಕೆ ಕಿರಣಗಳನ್ನು ನೇರ ಎಣಿಸುವ ಯಂತ್ರಗಳು ಬಂದಿದ್ದವು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ 1971ರಲ್ಲಿ ಈ ಅಳತೆಗೆಂದೇ ಕೈಪಿಡಿ ತಂದಿತು. 1978ರಲ್ಲಿ ಜಪಾನಿನ ತೈರಾ, ತನಾಕಾ ಮತ್ತು ಜೊತೆಗಾರರು ಇನ್ನೊಂದು ದಾರಿ ತೋರಿಸಿದರು: ಹಿಂದಿರುಗುವ ಕಿರಣ ಬಿಡಿಸುವ ಇಡೀ ಉಂಗುರವನ್ನು ಒಂದೇ ಸಲಕ್ಕೆ ಹಿಡಿದು, ಅದು ಎಷ್ಟು ಸೊಟ್ಟಗಾಗಿದೆ ಅನ್ನುವುದರಿಂದ ಬಿಗಿತ ಹೇಳುವುದು. ಕೈಯಲ್ಲಿ ಹೊತ್ತು ಸೇತುವೆ ಹತ್ತಿರಕ್ಕೋ ರೈಲು ಹಳಿ ಹತ್ತಿರಕ್ಕೋ ಒಯ್ಯುವಂಥ ಈಗಿನ ಹಲವು ಚಿಕ್ಕ ಯಂತ್ರಗಳ ಹಿಂದೆ ಇರುವುದು ಇದೇ ಲೆಕ್ಕ.

ಹಾಗಂತ ಇದು ಸರ್ವರೋಗ ನಿವಾರಕ ಅಲ್ಲ. ಕ್ರೋಮಿಯಂ ಎಕ್ಸ್‌ರೇ ಉಕ್ಕಿನೊಳಗೆ ಇಳಿಯುವುದು ಕೆಲವೇ ಮೈಕ್ರೋಮೀಟರ್, ಒಂದು ತಲೆಗೂದಲ ದಪ್ಪದ ಹತ್ತನೇ ಒಂದು ಪಾಲಿನಷ್ಟೂ ಇರಲಿಕ್ಕಿಲ್ಲ. ಅದಕ್ಕಿಂತ ಕೆಳಗೆ ನೋಡಬೇಕೆಂದರೆ ವಿದ್ಯುತ್ ಮತ್ತು ಆಮ್ಲದಿಂದ ಪದರ ಪದರವಾಗಿ ಮೇಲ್ಮೈ ಕರಗಿಸುತ್ತಾ ಅಳೆಯಬೇಕು. ಉಜ್ಜಿ ತೆಗೆಯುವ ಹಾಗಿಲ್ಲ, ಉಜ್ಜಿದರೆ ಉಜ್ಜಿದ್ದೇ ಹೊಸ ಬಿಗಿತ ಹುಟ್ಟಿಸುತ್ತದೆ. ಕರಗಿಸಿದ ಜಾಗ ಮತ್ತೆ ಬರುವುದಿಲ್ಲ, ಅಲ್ಲಿಗೆ ಪೋಸ್ಟ್‌ಮಾರ್ಟಂ ಸ್ವಲ್ಪ ಮಟ್ಟಿಗೆ ವಾಪಸು ಬಂದ ಹಾಗೆ. ಸೆಂಟಿಮೀಟರುಗಟ್ಟಲೆ ಆಳಕ್ಕೆ ಹೋಗಲು ನ್ಯೂಟ್ರಾನ್ ಕಿರಣ ಬೇಕು, ಅದಕ್ಕೆ ರಿಯಾಕ್ಟರಿನಂಥ ದೊಡ್ಡ ವ್ಯವಸ್ಥೆಯ ಬಾಗಿಲು ತಟ್ಟಬೇಕು. ಬೆಸುಗೆಯಲ್ಲಿ, ಎರಕದಲ್ಲಿ ಹರಳುಗಳು ದಪ್ಪದಪ್ಪ ಇದ್ದರೆ ಚುಕ್ಕಿಗಳು ಗೆರೆಯಲ್ಲಿ ಕೂರುವುದೇ ಇಲ್ಲ.

ಆದರೂ ಮೇಲ್ಮೈಯ ಆ ಕೆಲವು ಮೈಕ್ರೋಮೀಟರುಗಳಲ್ಲೇ ಎಷ್ಟೋ ಭಾಗಗಳ ಹಣೆಬರಹ ಇದೆ. ಪೀಣ್ಯದ ಶೆಡ್ಡಿನಲ್ಲಾಗಲಿ ಸ್ಟಟ್‌ಗಾರ್ಟಿನಲ್ಲಾಗಲಿ, ಗ್ರೈಂಡಿಂಗ್ ಚಕ್ರ ಮೊಂಡಾಗಿದ್ದು ಕೂಲೆಂಟ್ ಸರಿಯಾಗಿ ಬೀಳದಿದ್ದರೆ ಮೇಲ್ಮೈ ಕ್ಷಣಮಾತ್ರ ಕಾದು, ಹಿಗ್ಗಲು ಜಾಗ ಸಿಗದೆ ಹಿಸುಕಿಕೊಂಡು, ಆರುವಾಗ ಎಳೆತದಲ್ಲಿ ಸಿಕ್ಕಿಬೀಳುತ್ತದೆ. ಭಾಗ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಮೈಕ್ರೋಮೀಟರ್ ಹಿಡಿದರೆ ಅಳತೆ ಸರಿ, ಗಟ್ಟಿತನವೂ ಪರವಾಗಿಲ್ಲ ಅನ್ನಿಸಬಹುದು. ನಕ್ಷೆಯಲ್ಲಿ ಕೇಳಿದ್ದೆಲ್ಲ ಇದೆ, ನಕ್ಷೆ ಕೇಳದ ಒಂದು ಮಾತ್ರ ಒಳಗೆ ಕೂತಿದೆ. ಪಕ್ಕದಲ್ಲಿ ಅದರ ಅವಳಿಯ ಹಾಗೆ ಕಾಣುವ, ಚೆನ್ನಾಗಿ ಶಾಟ್ ಪೀನಿಂಗ್ ಮಾಡಿದ ಇನ್ನೊಂದು ಭಾಗ ಇಟ್ಟರೂ ಬರಿಗಣ್ಣಿಗೆ ಆಯುಸ್ಸಿನ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅದಕ್ಕೇ ವಿಮಾನದ ಎಂಜಿನ್, ಬೇರಿಂಗ್, ಗೇರುಗಳಂಥ ಕಡೆ ಒಳಬಿಗಿತದ ಅಂಕಿಯನ್ನೂ ಕಾಗದದ ಮೇಲೆ ಕೇಳುವುದುಂಟು. ಆ ವರದಿಯಲ್ಲಿ ಅಂಕಿಯ ಹಿಂದೆ ಮೈನಸ್ ಗುರುತಿದ್ದರೆ ಗಾಬರಿ ಬೇಡ, ಅದು ಒತ್ತಡ, ಒಳ್ಳೆಯ ಸುದ್ದಿ. ಪ್ಲಸ್ ಬಂದರೆ ಇನ್ನೊಮ್ಮೆ ಯೋಚಿಸಬೇಕು. ಆ ಒಳ್ಳೆಯ ಸುದ್ದಿಯೂ ಶಾಶ್ವತ ಅಲ್ಲ. ಬಿಸಿಗೆ, ಬಳಕೆಗೆ ಒತ್ತಡ ಮೆಲ್ಲಗೆ ಸಡಿಲವಾಗುತ್ತದೆ, ಮತ್ತೆ ಅಳೆಯಬೇಕಾಗುತ್ತದೆ. ಲಾಯದ ಹಿತ್ತಾಳೆಗೆ ಹೀಗೆ ಕೇಳುವವರು ಇರಲಿಲ್ಲ. ಕಾಮೆಟ್‌ನ ಪರೀಕ್ಷಾ ತುಂಡು 18,000 ಸಲ ತಾಳಿದಾಗಲೂ, ಇದು ಇಷ್ಟು ಚೆನ್ನಾಗಿ ತಾಳಿದ್ದು ಯಾಕೆ ಅಂತ ಸಮಯಕ್ಕೆ ಸರಿಯಾಗಿ ಕೇಳಿದವರು ಇರಲಿಲ್ಲ. ಮುರಿದಾಗ ಕಾರಣ ಹುಡುಕುವುದು ಎಲ್ಲರಿಗೂ ಗೊತ್ತು. ಪಾಸಾದಾಗಲೂ ಕಾರಣ ಕೇಳುವ ಅಭ್ಯಾಸಕ್ಕೆ ಆ 56 ಜನರ ಬೆಲೆ ತೆರಬೇಕಾಯಿತು.